ಹಣ್ಣಾಗಲಿ

ಸಿದ್ದವ್ವನ ಕಣ್ಣಿಗೆ ಪೊರೆ ಬಂದಾಗಿನಿಂದ ಗಂಡ ಗುರಲಿಂಗಪ್ಪನದು ಒಂದೇ ಮಾತು: "ಹಣ್ಣಾಗ್ಲಿ ತಡಿ. ಕಾಯಿ ಇದ್ದಾಗ ತೆಗದ್ರ ಕಣ್ಣ ಹೋಗತೈತಿ."

ಪೊರೆ ವರ್ಷಗಟ್ಟಲೆ ಹಣ್ಣಾಗುತ್ತ ಹೋಯಿತು. ಮಗಳು ರಾಜೇಶ್ವರಿ ಅವ್ವನ ಕಣ್ಣಾದಳು. ರೊಟ್ಟಿ ಬಡಿಯುವುದು, ಅಪ್ಪನ ಧೋತರಕ್ಕೆ ನೀಲಿ ಹಾಕಿ ಹಿಂಡುವುದು, ಅವ್ವನ ಕೈ ಹಿಡಿದು ಬಚ್ಚಲಿಗೆ ಕರೆದೊಯ್ಯುವುದು ಎಲ್ಲ ಅವಳದೇ. ನಾಲತವಾಡದಿಂದ ಕನ್ಯಾ ನೋಡಲು ಬಂದವರಿಗೂ ಗುರಲಿಂಗಪ್ಪ, "ಅವರವ್ವನ ಆಪರೇಷನ್ ಮೊದಲ ಆಗ್ಲಿ, ಆಮ್ಯಾಲ ನೋಡೂಣಂತ" ಎಂದು ಚಹಾ ಕುಡಿಸಿ ಕಳಿಸಿದ. ಒಳಗೆ ಕೂತಿದ್ದ ಸಿದ್ದವ್ವ ತಡೆಯಲೆಂದು ಎದ್ದವಳು ಮತ್ತೆ ಕೂತಳು. ಮಗಳು ಹೋದರೆ ತನ್ನ ಗತಿ? ಆಮೇಲೆ ಯಾರೂ ಬರಲಿಲ್ಲ.

ಒಲೆಯ ಮೇಲೆ ಕೈಯೂರಿ ಸುಟ್ಟುಕೊಂಡ ಮೇಲೆಯೇ ಸಿದ್ದವ್ವನನ್ನು ಸಿಂದಗಿಯ ಕಣ್ಣಿನ ಆಸ್ಪತ್ರೆಗೆ ಕರೆದೊಯ್ದದ್ದು. ಡಾಕ್ಟರ್ ನಾಜಿಮಾ ಬೆಳಕು ಬಿಟ್ಟು ನೋಡಿ ಸಿಡುಕಿದರು.

"ಇಷ್ಟ ದಿನ ಏನ್ ಮಾಡಿದ್ರಿ ಯಜಮಾನ್ರ? ಎಡಗಣ್ಣು ಸುಣ್ಣ ಬಳದಂಗ ಆಗೇತಿ. ಪೊರಿ ಮ್ಯಾಲಿನ ತೆಳು ಪದರ ಎಲ್ಲಿ ಕೊಯ್ಯಬೇಕು ಅನ್ನೂದ ಕಾಣೂದಿಲ್ಲ. ನೀಲಿ ಬಣ್ಣ ಹಾಕಿ, ಪದರ ಎದ್ದು ಕಾಣೂಹಂಗ ಮಾಡಿಕೊಂಡ ತೆಗೀಬೇಕು."

"ನೀಲಿ? ಧೋತರಕ್ಕ ಹಾಕೂದೇನ್ರಿ?" ಗುರಲಿಂಗಪ್ಪ ನಕ್ಕ. "ಹಂಗಿದ್ರ ನಮ್ಮ ರಾಜಿನ್ನ ಒಳಗ ಕರಕೊಳ್ರಿ, ಆಕಿ ಕೈ ಪಳಗೈತಿ."

ಡಾಕ್ಟರ್ ನಗಲಿಲ್ಲ. ಸಿದ್ದವ್ವನಿಗೆ ಹೆದರಿಕೆ: "ಮಗಳ ಮಾರಿ ನೀಲಿ ಕಾಣತೈತೇನ್ರಿ ಡಾಕ್ಟರ್ ಬಾಯಾರ?"

"ಇಲ್ಲವ್ವ, ಬಣ್ಣ ತೊಳದ ಹೋಗತೈತಿ. ಮಾರಿ ಹೆಂಗೈತಿ ಹಂಗ ಕಾಣತೈತಿ."

ಅವಳಿಗೆ ಬೇಕಾದದ್ದು ಅದೊಂದೇ. ಎಣ್ಣೆ ಹಾಕಿ ಬಿಗಿದ ಕರಿ ಜಡೆ, ಅಬ್ಬಲಿಗೆ ದಂಡೆ, ನಗುವಾಗ ಕುಳಿ ಬೀಳುವ ಕೆನ್ನೆ. ಕತ್ತಲೆಯಲ್ಲಿ ಅವಳು ಕಾಪಾಡಿಕೊಂಡು ಬಂದ ಮುಖ ಅದು.

ಆಪರೇಷನ್ ಆದ ಮರುದಿನ ಎಡಗಣ್ಣಿನ ಪಟ್ಟಿ ಬಿಚ್ಚಿದರು. ಮೊದಲು ಕಂಡದ್ದು ಗಂಡನ ಧೋತರ, ಕಣ್ಣು ಕುಕ್ಕುವ ಬಿಳುಪು. ಅದರ ಪಕ್ಕದಲ್ಲಿ ಯಾರೋ ಬತ್ತಿದ ಹೆಂಗಸು. ಅವಳು "ಅವ್ವಾ" ಎಂದು ಬಗ್ಗಿದಳು. ಬೈತಲೆಯ ಎರಡೂ ಬದಿಗೆ ಕೂದಲು ಬೆಳ್ಳಗಾಗಿತ್ತು.

"ಬಲಗಣ್ಣಿಗೂ ಬರೇ ಬೆಳಕ ಕಾಣತೈತಿ, ಅದೂ ಬಲಿಯಾಕತ್ತೈತಿ. ತಡಾ ಮಾಡಬ್ಯಾಡ್ರಿ, ಬರೂ ತಿಂಗಳ ತಗದಬಿಡೂಣು" ಎಂದರು ಡಾಕ್ಟರ್.

"ಅವಸರ ಏನೈತ್ರಿ?" ಅಂದ ಗುರಲಿಂಗಪ್ಪ. "ಒಂದ ಕಣ್ಣ ಬಂತಲ್ಲ. ಅದೂ ಹಣ್ಣಾಗ್ಲಿ."

ಸಿದ್ದವ್ವ ಕೈಚಾಚಿ ಮಗಳ ಬೈತಲೆ ಸವರಿದಳು. ರಾಜೇಶ್ವರಿ ಸೆರಗು ಎಳೆದುಕೊಳ್ಳಲು ಹೋದಳು. ಅವ್ವ ಬಿಡಲಿಲ್ಲ.

"ಇಲ್ಲಿ ನೋಡ್ರಿ" ಎಂದಳು ಗಂಡನಿಗೆ. "ಹಣ್ಣಾಗೇತಿ."