ಸೊಪ್ಪು ಹಾಕುವ ಹೊತ್ತು

"ಎದ್ದೇಳಮ್ಮಿ, ಕಾರು ಬರೋ ಹೊತ್ತಾಯ್ತು," ಎಂದು ಶಿವರಾಜು ಮತ್ತೊಮ್ಮೆ ಹೇಳಿದಾಗ ರಜಾಯಿಯ ಒಳಗಿಂದ ಹ್ಞೂಂ ಎಂಬ ಸದ್ದು ಬಂತು, ಅಷ್ಟೆ. ಕುಸುಮಳ ಮುಖ ಕಾಣುತ್ತಿರಲಿಲ್ಲ. ಜಡೆಯ ತುದಿ ಮಾತ್ರ ದಿಂಬಿನಿಂದ ಜಾರಿ ಮಂಚದಾಚೆ ನೇತಾಡುತ್ತಿತ್ತು.

ಶಿಮ್ಲಾಕ್ಕೆ ಬಂದಾಗಿನಿಂದ ಹೆಂಡತಿಯದು ಇದೇ ಕಥೆ. ನೆನ್ನೆ ಮಾಲ್ ರೋಡಿಗೆ ಹೋಗೋಣ ಎಂದರೆ, "ನೀವ್ ಓಗ್ಬನ್ನಿ, ನಾನ್ ಒಸಿ ಮಲ್ಗಿರ್ತೀನಿ" ಎಂದಳು. ಆ ಒಸಿ ಸಂಜೆಯಾದರೂ ಮುಗಿಯಲಿಲ್ಲ. ಶಿವರಾಜು ಒಬ್ಬನೇ ಹೋಗಿ, ಯಾರದೋ ಹೆಂಡತಿ ಮಕ್ಕಳು ಐಸ್‌ಕ್ರೀಮ್ ತಿನ್ನುವುದನ್ನು ನೋಡಿ, ದೇವದಾರು ಮರದ ಮುಂದೆ ಹಲ್ಲು ಬಿಟ್ಟುಕೊಂಡು ಸೆಲ್ಫಿ ತೆಗೆದು ಊರಿಗೆ ಕಳಿಸಿದ. ತಕ್ಷಣ ಅವ್ವ ಕೃಷ್ಣಮ್ಮನ ಫೋನು ಬಂತು. "ಕುಸುಮ ಎಲ್ಲೋ? ಜಗಳ ಆಡ್ಕೊಂಡ್ರಾ?"

ಜಗಳವಾದರೂ ಆಡಿದ್ದರೆ ಚೆನ್ನಾಗಿತ್ತು ಎನಿಸಿತು ಅವನಿಗೆ.

ಕನಕಪುರದ ಆಚೆ, ಬಂಡೆಗಳು ಬೆಳಗ್ಗೆಯೇ ಕಾದು ಕತ್ತಲಾದರೂ ಬಿಸಿ ಉಗುಳುವ ಊರು ಅವರದು. ಈ ಬೇಸಿಗೆಯಲ್ಲಂತೂ ಕುರಿಗಳು ಕೂಡ ಹುಣಸೆ ಮರದ ನೆರಳು ಬಿಟ್ಟು ಕದಲಲಿಲ್ಲ. ಇಂಥ ಸೆಕೆಗೆ ರೇಷ್ಮೆ ಹುಳು ತಡೆಯುವುದಿಲ್ಲವೆಂದು ಒಂದು ಬೆಳೆ ಕೈಬಿಟ್ಟು, ಹುಳದ ಮನೆಗೆ ಸುಣ್ಣ ಹೊಡೆಸಿ ಬಾಗಿಲು ಹಾಕಿದರು. ಮದುವೆಯಾದ ಮೇಲೆ ಆ ಮನೆ ಖಾಲಿ ಬಿದ್ದದ್ದು ಅದೇ ಮೊದಲು. ಹಿಮ ನೋಡಿಕೊಂಡು ಬರೋಣ ಎಂದು ಅವನು ಹೊರಟಾಗ ಕುಸುಮ, "ಅಲ್ಲಿ ತಣ್ಣಗಿರ್ತದಾ?" ಎಂದಷ್ಟೇ ಕೇಳಿದ್ದಳು.

ಹಿಮ ಒಂದು ನೆಪ. ವರ್ಷಗಳಿಂದ ಗಂಡ ಹೆಂಡತಿಯ ನಡುವೆ ಹಿಪ್ಪುನೇರಳೆ ಸೊಪ್ಪು, ಹುಳ, ಗೂಡಿನ ರೇಟು ಬಿಟ್ಟು ಬೇರೆ ಮಾತಿರಲಿಲ್ಲ. ಇವಳ ಮನಸ್ಸು ತನ್ನಿಂದ ದೂರ ಹೋಗಿಬಿಟ್ಟಿದೆಯೇನೋ ಎಂಬ ಹೆದರಿಕೆ ಶಿವರಾಜುವಿಗೆ. ತಣ್ಣನೆಯ ಜಾಗದಲ್ಲಿ ಇಬ್ಬರೇ ಇದ್ದರೆ ಸರಿಹೋದೀತು ಎಂದು ಆಸೆಪಟ್ಟಿದ್ದ. ಇಲ್ಲಿ ನೋಡಿದರೆ ಇವಳು ಕುಂಭಕರ್ಣನ ತಂಗಿ.

"ನನ್ ಜೊತೆ ಬರಾಕೆ ಇಷ್ಟ ಇಲ್ದಿದ್ರೆ ಊರಲ್ಲೇ ಯೋಳ್ಬೋದಿತ್ತು," ಎಂದು ರಜಾಯಿಗೆ ಹೇಳಿ, ಮುಖ ಊದಿಸಿಕೊಂಡು, ಶೂ ಕೂಡ ಬಿಚ್ಚದೆ ಮಂಚದ ಇನ್ನೊಂದು ತುದಿಯಲ್ಲಿ ಅಂಗಾತ ಬಿದ್ದುಕೊಂಡ. ಕಿಟಕಿಯ ತುಂಬ ಮಂಜು. ಮಧ್ಯಾಹ್ನವೋ ಮುಂಜಾವವೋ ತಿಳಿಯದ ಬೆಳಕು.

ಅಷ್ಟರಲ್ಲಿ ತಗಡಿನ ಸೂರಿನ ಮೇಲೆ ಮಳೆ ಶುರುವಾಯಿತು. ನಮ್ಮ ಕಡೆಯ ಹಾಗೆ ಧೋ ಎಂದು ಬೀಳುವ ಮಳೆಯಲ್ಲ. ಸಣ್ಣಗೆ, ಒತ್ತೊತ್ತಾಗಿ, ಬಿಡದೆ ಸರಸರ ಎನ್ನುವ ಮಳೆ. ಕೊನೆಯ ಪೊರೆ ಕಳಚಿದ ದೊಡ್ಡ ಹುಳುಗಳು ಸೊಪ್ಪು ಮೇಯುವಾಗ ಹುಳದ ಮನೆಯ ತುಂಬ ಏಳುವ ಸದ್ದು ಥೇಟ್ ಇದೇ.

ನಡುವೆ ಒಮ್ಮೆ ಆ ಸದ್ದು ಗಕ್ಕನೆ ನಿಂತು ಮತ್ತೆ ಶುರುವಾಗುವಷ್ಟರಲ್ಲಿ ಕುಸುಮ ಎದ್ದು ಕುಳಿತಳು. ಕಣ್ಣು ಮುಚ್ಚಿಯೇ ಇದ್ದವು. ತಣ್ಣನೆಯ ನೆಲಕ್ಕೆ ಕಾಲಿಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬ್ಯಾಗುಗಳಿದ್ದ ಮೂಲೆಗೆ ನಡೆದಳು. ಬಗ್ಗಿ, ಇಲ್ಲದ ಹೊರೆಯೊಂದನ್ನು ತೋಳ ತುಂಬ ಎತ್ತಿ ಎದೆಗೆ ಅವಚಿಕೊಂಡು ಮಂಚದ ಕಾಲ ಬಳಿ ಬಂದು ನಿಂತಳು. ಆಮೇಲೆ ಸೊಪ್ಪು ಹಾಕತೊಡಗಿದಳು.

ಬಿಳಿ ಹಾಸಿಗೆಯ ಮೇಲೆ, ಅವನ ಶೂಗಳ ಮೇಲೆ, ಮೊಣಕಾಲ ಮೇಲೆ, ಹೊಟ್ಟೆಯ ಮೇಲೆ. ಎಲ್ಲೂ ಸಂದು ಬಿಡದೆ, ಎಲ್ಲೂ ಗುಡ್ಡೆಯಾಗದಂತೆ ಅಂಗೈಯಲ್ಲಿ ಸವರಿ ಹರಡುತ್ತ ಬಂದಳು. ಶಿವರಾಜು ಅವಳ ಹೆಸರು ಕೂಗಬೇಕೆಂದುಕೊಂಡ, ಕೂಗಲಿಲ್ಲ. ಕದಲಿದರೆ ಎಚ್ಚರವಾದಾಳು ಎಂದು ಉಸಿರು ಬಿಗಿಹಿಡಿದ. ಅವನ ಎದೆಯವರೆಗೂ ಬಂದ ಕೈ ಅಲ್ಲಿ ನಿಂತಿತು. ಮೆಲ್ಲಗೆ ತಟ್ಟಿತು.

"ನೀವ್ ಮಲ್ಕಳಿ. ನಾನ್ ಆಕ್ತೀನಿ."

ಹುಳದ ದೆಸೆಯಿಂದ ನಿದ್ದೆಯೇ ಇಲ್ಲ ಎಂದು ಟೀ ಅಂಗಡಿಯಲ್ಲಿ ಗೊಣಗುವವನು ಅವನು. ನಡುರಾತ್ರಿಯ ಸೊಪ್ಪಿಗೆ ಅಲಾರಂ ಇಡುವವನೂ ಅವನೇ. ಕಣ್ಣು ಬಿಟ್ಟರೆ ಮಾತ್ರ ಬೆಳಗಾಗಿರುತ್ತಿತ್ತು. ಎಷ್ಟು ಬೆಳೆ, ಎಷ್ಟು ರಾತ್ರಿ. ಪ್ರತಿ ಸಲವೂ ಇವಳು ಈ ಮಾತು ಹೇಳಿಯೇ ಎದ್ದು ಹೋಗಿರಬೇಕು. ಅವನು ಕೇಳಿಸಿಕೊಂಡದ್ದು ಇವತ್ತು. ನಾಚಿಕೆಯಾಯಿತು, ಅಳುವೂ ಬಂತು.

ಅವಳು ಇನ್ನೊಂದು ಹೊರೆಗೆ ಮೂಲೆಯತ್ತ ತಿರುಗಿದಳು.

"ಸಾಕು ಕಣಮ್ಮಿ," ಎಂದ ಪಿಸುದನಿಯಲ್ಲಿ. "ಹುಳ ಎಲ್ಲಾ ಬಲ್ತು ಅಣ್ಣಾದ್ವು. ಇನ್ನ ಸೊಪ್ಪು ತಿನ್ನಾಕಿಲ್ಲ."

ಕುಸುಮ ನಿಂತಲ್ಲೇ ತೂಗಿದಳು. "ಅಣ್ಣಾದ್ವಾ?"

"ಊಂ. ಗೂಡು ಕಟ್ಟಾಕೆ ಚಂದ್ರಿಕೆ ತಟ್ಟಿಗೆ ಬುಟ್ಟಾಯ್ತು. ನಾನೇ ಬುಟ್ಟೆ."

"ನೀವಾ?" ಎಂದಳು. ನಿದ್ದೆಯಲ್ಲೂ ಆ ದನಿಯಲ್ಲಿ ಅಪನಂಬಿಕೆಯಿತ್ತು. ಆದರೂ ಮಂಚ ಹತ್ತಿ ಮಲಗಿದಳು. ಅವನು ರಜಾಯಿ ಹೊದಿಸಿದ.

ಕೆಳಗೆ ಕಾರಿನ ಹಾರನ್ ಕೇಳಿಸಿತು. ಶಿವರಾಜು ತುದಿಗಾಲಲ್ಲಿ ಇಳಿದು ಓಡಿದ. ಮಳೆ ನಿಂತರೆ ಹಿಮದ ಬೆಟ್ಟ ಸ್ಪಷ್ಟವಾಗಿ ಕಾಣುತ್ತದೆ, ಬೇಗ ಹೊರಡಿ ಎಂದ ಡ್ರೈವರ್. ರಾಮನಗರದ ಗೂಡಿನ ಮಾರ್ಕೆಟ್ಟಿನಲ್ಲಿ ಗೂಡು ಕೊಳ್ಳುವ ಗಫಾರ್ ಸಾಬರ ಜೊತೆ ಮಾತಾಡಿ ಕಲಿತ ಉರ್ದುವಿನಲ್ಲಿ ಶಿವರಾಜು, "ಆಜ್ ನಕ್ಕೋ ಭಾಯ್, ಮೇಡಂ ಸೋತೀ ಹೈ" ಎಂದು, ಮಲಗಿದವಳನ್ನು ಎಬ್ಬಿಸುವುದು ಬೇಡವೆಂದ. ನಾಳೆ ಬರಲೇ ಎಂದು ಅವನು ಕೇಳಿದ್ದಕ್ಕೆ, "ಕಲ್ ಭೀ ನಕ್ಕೋ."

ಮೇಲೆ ಬಂದಾಗ ಮಳೆ ತೆಳುವಾಗುತ್ತಿತ್ತು. ಆಗ ಅವನಿಗೆ ಭಯವಾಯಿತು. ಊರಲ್ಲಿ ಹುಳ ಮೇಯುವ ಸದ್ದಿಗೆ ಕುಸುಮ ಎಂದೂ ಏಳುವವಳಲ್ಲ. ಸೊಪ್ಪು ತೀರಿ ಸದ್ದು ನಿಂತ ಕೂಡಲೇ ಎಲ್ಲಿದ್ದರೂ ದಿಗ್ಗನೆ ಎದ್ದು ಕೂರುವವಳು. ಸೂರಿನ ಮೇಲೆ ಈಗ ಅಲ್ಲೊಂದು ಇಲ್ಲೊಂದು ಹನಿ. ಮಲಗಿದ್ದವಳ ಹುಬ್ಬು ಗಂಟಿಕ್ಕಿತು. ಕೈಯೊಂದು ರಜಾಯಿಯಿಂದ ಹೊರಬಂದು ಏನನ್ನೋ ತಡಕಿತು.

ಶಿವರಾಜು ಸುತ್ತ ನೋಡಿದ. ಬಾಗಿಲ ಸಂದಿಯಲ್ಲಿ ಯಾರೋ ತೂರಿಸಿಹೋಗಿದ್ದ ಹಿಂದಿ ಪೇಪರು ಬಿದ್ದಿತ್ತು. ಅದರ ಒಂದು ಹಾಳೆಯನ್ನು ತೆಗೆದು, ಅವಳ ತಲೆಯ ಬಳಿ ನೆಲದ ಮೇಲೆ ಕುಳಿತು, ಬೆರಳುಗಳ ನಡುವೆ ಮೆಲ್ಲಗೆ ಉಜ್ಜತೊಡಗಿದ. ಸರಸರ, ಸರಸರ. ಸ್ವಲ್ಪ ಹೊತ್ತಿಗೆ ಹುಬ್ಬು ಸಡಿಲಾಯಿತು. ಕೈ ಇದ್ದಲ್ಲೇ ಉಳಿಯಿತು.

ಮಳೆ ಪೂರ್ತಿ ನಿಂತಿತು. ಪಕ್ಕದ ಬಾಲ್ಕನಿಯಲ್ಲಿ ಜನ ಒಬ್ಬರನ್ನೊಬ್ಬರು ಕರೆದು ದೂರದ ಬೆಟ್ಟಗಳನ್ನು ತೋರಿಸುತ್ತಿದ್ದರು. ಕೋಣೆಯೊಳಗೂ ಬಿಸಿಲು ಬಂತು. ಶಿವರಾಜು ಕಿಟಕಿಗೆ ಬೆನ್ನು ಮಾಡಿ, ಮಸಿ ಹತ್ತಿದ ಬೆರಳುಗಳಲ್ಲಿ ಕಾಗದ ಉಜ್ಜುತ್ತ ಕೂತಿದ್ದ. ಹಾಳೆ ಮೆತ್ತಗಾಗಿ ಸದ್ದು ಕಡಿಮೆಯಾದಾಗ ಇನ್ನೊಂದನ್ನು ತೆಗೆದುಕೊಂಡ.