ಹಳ್ಳದ ಬಾಯಿಗೆ ಕೇದಿಗೆ

ಕೆಂಪರಾಜುವಿನ ಮೂರನೇ ತೆಂಗಿನಮರವೂ ಹಳ್ಳಕ್ಕೆ ಉರುಳಿತು. ಚನ್ನಪಟ್ಟಣದ ಪಕ್ಕದ ಆ ಊರಿನಲ್ಲಿ ಹಳ್ಳ ಕೆರೆಗೆ ಸೇರುವುದು ಅವನ ತೋಟದ ಅಂಚಿನಲ್ಲೇ. ಒಂದು ಜೋರು ಮಳೆ ಬಂದರೆ ಸಾಕು, ನೀರು ದಡವನ್ನು ಮುದ್ದೆ ಮುರಿದ ಹಾಗೆ ಮುರಿದುಕೊಂಡು ಹೋಗುತ್ತಿತ್ತು. ಮಣ್ಣೆಲ್ಲ ಕೆರೆಯಲ್ಲಿ ಕೂತು ಕೆಸರಾಗಿತ್ತು.

ಆರು ವರ್ಷದ ಹಿಂದೆ ಅಲ್ಲಿ ಕೇದಿಗೆ ಪೊದೆ ಇತ್ತು. ಹಾವು ಸೇರುತ್ತವೆಂದು ಕೆಂಪರಾಜು ಅದಕ್ಕೆ ಬೆಂಕಿ ಇಟ್ಟು, ಬುಡವನ್ನು ಜೆಸಿಬಿಯಲ್ಲಿ ಕೀಳಿಸಿದ. ನೀರಿಗಿಳಿಯುವ ಊರ ಕಾಲುದಾರಿಗೂ ತಂತಿಬೇಲಿ ಹಾಕಿದ. ಈಗ ಕೆರೆ ಸಂಘದವರು ಬೇಲಿ ತೆಗಿ, ಹಳ್ಳದ ಬಾಯಿ ಸರಿಮಾಡೋಣ ಎಂದರೆ ಅವನು ಒಪ್ಪುತ್ತಿರಲಿಲ್ಲ.

"ಸಿಮೆಂಟ್ ಗೋಡೆ ಕಟ್ಸ್ಲಿ ಸಾಕು. ದಾರಿ ಬುಟ್ರೆ ಊರೋರೆಲ್ಲ ಬಂದು ಗಲೀಜು ಮಾಡ್ತಾರೆ" ಎಂದ, ಜಗುಲಿಯ ಮೇಲೆ ಕೂತು.

"ನಾನು ಕೆರೆ ನೀರು ಮುಟ್ಟಿ ಆರು ವರ್ಸ ಆಯ್ತು ಕಣ್ಲಾ" ಎಂದಳು ತಾಯಿ ಸಿದ್ದಮ್ಮ. "ಮೊಮ್ಮಗಳ ಮದ್ವೇಲಿ ನಲ್ಲಿ ಮುಂದೆ ಗಂಗೆ ಪೂಜೆ ಮಾಡ್ಸಿದ್ಯಲ್ಲ, ಪುಣ್ಯಾತ್ಮ! ಅದೂ ಅರ್ಧಕ್ಕೇ ನೀರು ನಿಂತೋಯ್ತು."

ಅಷ್ಟರಲ್ಲಿ ಸ್ಕೂಟರ್ ನಿಂತಿತು. ಪಟ್ಟಣದಲ್ಲಿ ಗೊಂಬೆ ಮಾಡುವ ಹಫೀಜಾ ಇಳಿದಳು. ಅರಗಿನ ಬಣ್ಣ ಹಚ್ಚಿದ ಗೊಂಬೆಗೆ ಹೊಳಪು ಬರಬೇಕಾದರೆ ಕೇದಿಗೆ ಗರಿಯಲ್ಲೇ ಉಜ್ಜಬೇಕು. ಅವಳ ತಾಯಿಯ ಕಾಲದಿಂದ ಗರಿ ಕೊಯ್ಯುತ್ತಿದ್ದುದು ಈ ಹಳ್ಳದ ಬಾಯಲ್ಲೇ. ಇಂದು ಅವಳ ಸ್ಕೂಟರಿನ ಮೇಲೆ ಒಂದು ಮೂಟೆ ಕೇದಿಗೆ ಮರಿಗಿಡಗಳಿದ್ದವು.

"ಗೋಡೆ ಕೇಳಿದ್ರೆ ಮುಳ್ಳು ತಂದ್ಯಾ ಹಫೀಜಕ್ಕ?" ಕೆಂಪರಾಜು ನಕ್ಕ.

"ಪೊದೆ ಇದ್ದಾಗ ನಿಂದು ಎಷ್ಟು ಮರ ಬಿದ್ದಿದ್ವು, ಹೇಳು?"

ಒಂದೂ ಬಿದ್ದಿರಲಿಲ್ಲ.

"ಬಾರಪ್ಪ ಇಲ್ಲಿ" ಎಂದು ಅವಳು ಬೇಲಿ ನುಸುಳಿ ಹಳ್ಳಕ್ಕಿಳಿದಳು. ಆಚೆ ದಡದಲ್ಲಿ ಜೆಸಿಬಿ ತಲುಪದ ಒಂದೇ ಒಂದು ಬುಡ ಉಳಿದಿತ್ತು. "ಕೈ ಹಾಕು."

ಕೆಂಪರಾಜು ಬಗ್ಗಿ ಕೈ ಹಾಕಿದ. ಬೇರುಗಳು ಬೆರಳು ಚಾಚಿ ಮಣ್ಣನ್ನು ಬಿಗಿಯಾಗಿ ಹಿಡಿದಿದ್ದವು. ಮೇಲಿನಿಂದ ಬಂದ ಕಸ, ಕವರು ಅಲ್ಲೇ ತಡೆದು ನಿಂತಿದ್ದವು. ಅದರ ಹಿಂದೆ ನೀರು ತಿಳಿಯಾಗಿತ್ತು. ಇತ್ತ ಅವನ ದಡ ಮಾತ್ರ ಕುಸಿದು ನಿಂತಿತ್ತು, ನಾಲ್ಕನೇ ಮರದ ಬುಡ ಅರ್ಧ ಬಯಲಾಗಿ.

"ಗೋಡೆ ಕಟ್ಟಿದ್ರೆ ನೀರು ಇನ್ನೂ ಜೋರಾಗಿ ನುಗ್ಗಿ ಮುಂದಿನ ದಡ ತಿಂತದೆ" ಎಂದಳು ಹಫೀಜಾ.

"ಆಯ್ತಕ್ಕ, ಗಿಡ ನೆಡು. ಬೇಲಿ ಮಾತ್ರ ಇರ್ಲಿ."

"ಯಾರೂ ನೋಡ್ದೆ ಇರೋ ಜಾಗಕ್ಕೇ ಕೋಳಿ ಪುಕ್ಕ, ಕಸ ತಂದು ಸುರಿಯೋದು. ಬೇಲಿ ತೆಗ್ದು ಇಲ್ಲಿ ಮೆಟ್ಲು ಕಟ್ಟಿ, ನಿಮ್ಮವ್ವ ದಿನಾ ಬಂದು ಕೂತ್ರೆ ಯಾರು ಸುರೀತಾರೆ?"

"ಸುರೀಲಿ ನೋಡ್ತೀನಿ!" ಹಿಂದೆಯೇ ಬಂದಿದ್ದ ಸಿದ್ದಮ್ಮ ದಡದ ಮೇಲಿಂದ ಊರುಗೋಲು ಎತ್ತಿದಳು.

ಕೆಂಪರಾಜು ನಾಲ್ಕನೇ ಮರದ ಬಯಲಾದ ಬುಡವನ್ನು ನೋಡಿದ. ಆಮೇಲೆ ಮನೆಗೆ ಹೋಗಿ ಹಾರೆ ತಂದ. ಮೊದಲ ಕಂಬ ಅವನೇ ಕಿತ್ತ.

ವಾರದೊಳಗೆ ಎರಡೂ ದಡಕ್ಕೆ ಗಿಡ ನೆಟ್ಟರು. ಬೇರು ಹಿಡಿಯುವ ತನಕ ತೆಂಗಿನ ನಾರಿನ ಮೂಟೆಗಳನ್ನು ಒತ್ತಾಗಿ ಇಟ್ಟರು. ಮಧ್ಯೆ ಅಗಲವಾದ ಕಲ್ಲಿನ ಮೆಟ್ಟಿಲು, ವಯಸ್ಸಾದವರು ಹಿಡಿದು ಇಳಿಯಲು ಕಬ್ಬಿಣದ ಕಂಬಿ. ಮರುವಾರ ಮಳೆ ಹೊಡೆಯಿತು. ಬೆಳಿಗ್ಗೆ ಕೆಂಪರಾಜು ಓಡಿ ಹೋಗಿ ನೋಡಿದರೆ ನಾಲ್ಕನೇ ಮರ ನಿಂತಿತ್ತು. ಕೆಳಗಿನ ಮೆಟ್ಟಿಲಲ್ಲಿ ಸಿದ್ದಮ್ಮ ಪಾದ ಇಳಿಬಿಟ್ಟು ಕೂತಿದ್ದಳು.

"ತಣ್ಣಗೈತೆ ಕಣ್ಲಾ" ಎಂದಳು.

ಓದುವವರೇ, ಕೇಳುವವರೇ, ನಿಮ್ಮೂರ ಹಳ್ಳ ಕೆರೆಗೆ ಸೇರುವ ಜಾಗಕ್ಕೆ ನೀವು ಕಾಲಿಟ್ಟು ಎಷ್ಟು ವರ್ಷವಾಯಿತು? ಈ ಭಾನುವಾರವೇ ಹೋಗಿ. ಪೊದೆ ಇದ್ದರೆ ಕಡಿಯಬೇಡಿ, ಇಲ್ಲದಿದ್ದರೆ ನೆಡಿ. ಕಸ ಸುರಿಯುವವನನ್ನು ಕಂಡರೆ ಸುಮ್ಮನಿರಬೇಡಿ. ದಾರಿಗೆ ಬೇಲಿ ಬಿದ್ದಿದ್ದರೆ ಎಲ್ಲರೂ ಒಟ್ಟಾಗಿ ಪಂಚಾಯ್ತಿಯಲ್ಲಿ ಕೇಳಿ. ಆ ಬೇಲಿ ನಿಮ್ಮದೇ ಆಗಿದ್ದರೆ ಯಾರನ್ನೂ ಕೇಳಬೇಡಿ, ಹಾರೆ ತೆಗೆದುಕೊಳ್ಳಿ.