ವಿಟ್ರಿಯಲ್ ಟೀಚರ್

"ಅಷ್ಟೊಂದು ಇಳಿಸ್ಬೇಡಪ್ಪಾ, ಒಂದು ಸಾಲು ಸಾಕು," ಎನ್ನುತ್ತ ಬಾಡಿಗೆ ಕುರ್ಚಿಗಳನ್ನು ತಮ್ಮನೇ ಮತ್ತೆ ಗಾಡಿಗೆ ಏರಿಸುತ್ತಿದ್ದ. ನಡುಮನೆಯಲ್ಲಿ ಅಕ್ಕ ಬಿಳಿ ಹೊದಿಕೆಯಡಿ ಮಲಗಿದ್ದಳು. ಜೀವಮಾನವಿಡೀ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಕಲಿಸಿದವಳು. ನಾಲಿಗೆ ಮಾತ್ರ ಕತ್ತರಿ. ಆ ಕತ್ತರಿಗೆ ಹೆದರಿ ನೆಂಟರೆಲ್ಲ ಎಂದೋ ದೂರವಾಗಿದ್ದರು. ಹೊರಲು ನಾಲ್ಕು ಹೆಗಲು ಎಲ್ಲಿಂದ ತರುವುದೆಂದು ಬೆಳಗಿನಿಂದ ಅವನಿಗೆ ಒಂದೇ ಚಿಂತೆ.

ಬೀದಿಯ ತುದಿಯಲ್ಲಿ ಗದ್ದಲವೆದ್ದಿತು. ಒಂದು ಬಸ್ಸು, ಅದರ ಹಿಂದೆ ಸ್ಕೂಟರುಗಳ ಹಿಂಡು. ತಲೆ ನರೆತವರು, ಕೂಸು ಎತ್ತಿಕೊಂಡವರು ದಬದಬ ಇಳಿದರು. ಸಮವಸ್ತ್ರದಲ್ಲೇ ಓಡಿಬಂದ ನರ್ಸೊಬ್ಬಳು ಏದುಸಿರಿನಲ್ಲಿ ಕೇಳಿದಳು:

"ವಿಟ್ರಿಯಲ್ ಟೀಚರ್ ಮನೆ ಇದೇನಾ?"

ತಮ್ಮನಿಗೆ ಮೈಯುರಿಯಿತು. "ಸಾವಿನ ಮನೇಲೂ ಅಡ್ಡಹೆಸರೇನಮ್ಮಾ? ನಮ್ಮಕ್ಕ ಆಸಿಡ್ಡು ಅಂತ ತಾನೆ?"

"ಅಯ್ಯೋ ಅಣ್ಣಾ, ಟೀಚರ್ ನಿಮಗೆ ಹೇಳೇ ಇಲ್ವಾ?" ಅವನ ಕೈಲಿದ್ದ ಕುರ್ಚಿ ಕಸಿದು, ಅದರಲ್ಲೇ ಅವನನ್ನು ಕೂರಿಸಿದಳು.

* * *

ಅಂದು ನರ್ಸಿನ ಹೈಸ್ಕೂಲು ತರಗತಿಯಲ್ಲಿ ಯಾರೋ ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ 'ವಿಟ್ರಿಯಲ್' ಎಂದು ಬರೆದಿದ್ದರು. ಸುಡುವ ಗಂಧಕಾಮ್ಲಕ್ಕೂ ವಿಷ ಕಾರುವ ಮಾತಿಗೂ ಅದೇ ಹೆಸರು. ಟೀಚರ್ ಒಳಬಂದರು. ಬೋರ್ಡು ಓದಿದರು.

"ಅರ್ಧ ಗೊತ್ತು, ಇನ್ನರ್ಧ ಗೊತ್ತಿಲ್ಲ ಈ ಜಾಣನಿಗೆ!"

ಅಲಮಾರಿಯಿಂದ ಮೈಲುತುತ್ತದ ದಪ್ಪ ನೀಲಿ ಹರಳೊಂದನ್ನು ತಂದು ಕಿಟಕಿಯ ಬಿಸಿಲಿಗೆ ಹಿಡಿದರು. ಅವರ ಧ್ವನಿ ಏರಿತು.

"ಲ್ಯಾಟಿನ್ನಲ್ಲಿ ವಿಟ್ರಮ್ ಅಂದ್ರೆ ಗಾಜು ಕಣ್ರೋ! ಇಂಥ ಹರಳು ಗಾಜಿನ ಥರ ಹೊಳೀತು, ಅದಕ್ಕೇ ವಿಟ್ರಿಯಲ್ ಅಂದ್ರು. ಹರಳು ಕಾಯಿಸಿ ಆಸಿಡ್ ಇಳಿಸಿದ್ದು ಆಮೇಲೆ. ಬೈಗುಳಕ್ಕೆ ಆ ಹೆಸರು ಬಂದದ್ದು ಅದಕ್ಕೂ ಆಮೇಲೆ. ಮೊದಲು ಗಾಜು! ಧಾರಾಳವಾಗಿ ಕರೀರಿ. ಸ್ಪೆಲಿಂಗ್ ತಪ್ಪಿದ್ರೆ ಮಾತ್ರ ಕಿವಿ ಹಿಂಡ್ತೀನಿ."

* * *

"ಚಪ್ಪಾಳೆ ತಟ್ಟಿ ಕುಣಿದೇಬಿಟ್ರು ಅಣ್ಣಾ!"

"ನಮ್ಮಕ್ಕನಾ? ಕುಣಿದ್ಲಾ?"

"ನರ್ಸಿಂಗ್ ಬಿಡ್ತೀನಿ ಅಂದಾಗ ಹಾಸ್ಟೆಲಿಗೇ ಬಂದು ಬೈದ್ರು ನಂಗೆ."

"ನಿಂಗೆ ಬೈದದ್ದು ಯಾವ ಲೆಕ್ಕ?" ಬಸ್ಸು ತಂದ ಡ್ರೈವರ್ ನಡುವೆ ನುಗ್ಗಿದ. "ನಂಗೆ ನಡುಬೀದೀಲಿ, ಹೆಂಡ್ತಿ ಎದುರಿಗೇ! ಅವತ್ತೇ ಕುಡಿಯೋದು ಬಿಟ್ಟೆ."

ಬೈಸಿಕೊಂಡವರ ಪೈಪೋಟಿ ಅಂಗಳ ತುಂಬಿತು. ಕುರ್ಚಿಗಳೆಲ್ಲ ಗಾಡಿಯಿಂದ ಇಳಿದರೂ ಸಾಲಲಿಲ್ಲ. ತಮ್ಮ ಅಳುತ್ತಳುತ್ತಲೇ ನಕ್ಕ.

ಹೊರಡುವಾಗ ನೂಕುನುಗ್ಗಲು. ನರ್ಸು ಡ್ರೈವರನನ್ನು ಮೊಣಕೈಯಿಂದ ತಿವಿದು ಚಟ್ಟದ ಮುಂದಿನ ತುದಿಗೆ ಹೆಗಲು ಕೊಟ್ಟಳು. ತಮ್ಮನಿಗೆ ಕೊನೆಯಲ್ಲಿ ಬೆರಳಿಡುವಷ್ಟು ಜಾಗ ಸಿಕ್ಕಿತು. ಚಟ್ಟ ಒಂದು ಕಡೆ ವಾಲಿತು.

"ಗೂನು ಬೆನ್ನು ಮಾಡ್ಬೇಡ್ರೋ, ನೆಟ್ಟಗೆ ನಡೀರಿ!" ನರ್ಸಿನ ಗಂಟಲಿನಿಂದ ಹೊರಟದ್ದು ಥೇಟ್ ಅಕ್ಕನ ಧ್ವನಿ.

ಬೀದಿಗೆ ಬೀದಿಯೇ ಬೆನ್ನು ನೆಟ್ಟಗೆ ಮಾಡಿತು.